ಉಪ್ಪುನೀರಿನ ಮೇಲೆ 12 ವೋಲ್ಟ್

ಉಡುಪಿ ಕರಾವಳಿಯಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಗಾಳಿಗೊಂದು ದಿನಚರಿಯಿದೆ. ಬೆಳಗಿನ ಜಾವ ನೆಲದಿಂದ ಕಡಲಿನ ಕಡೆಗೆ ತಣ್ಣಗೆ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಇವೆರಡರ ನಡುವೆ ಗಾಳಿ ಪೂರ್ತಿ ಬಿದ್ದುಹೋಗುವ ಒಂದು ಹೊತ್ತಿದೆ. ಆಗ ಹಾಯಿ ಜೋತುಬೀಳುತ್ತದೆ, ನೀರು ಎಣ್ಣೆ ಸವರಿದಂತೆ ನಯವಾಗುತ್ತದೆ. ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆಯಲ್ಲಿ ಅದೇ ಹೊತ್ತಿಗೆ ನೀರು ಇಳಿಯತೊಡಗಿದರೆ, ದೋಣಿ ಮರಳದಿಣ್ಣೆಯ ಮೇಲೆ ಅಲೆ ಒಡೆಯುವ ಕಡೆಗೆ ತಾನಾಗಿ ಜಾರತೊಡಗುತ್ತದೆ. ಹುಟ್ಟು ಹಾಕಿ ಅದನ್ನು ತಡೆಯಬಹುದು. ಆದರೆ ದೋಣಿಯಲ್ಲಿ ಒಬ್ಬನೇ ಇದ್ದು, ಹಾಯಿ ಇಳಿಸುವ ಕೈಯೂ ಹುಟ್ಟು ಹಾಕುವ ಕೈಯೂ ಒಂದೇ ಆದಾಗ ಆ ಉಪಾಯವನ್ನು ನೆಚ್ಚಿ ಕೂರುವಂತಿಲ್ಲ. ಹಾಗಾಗಿ ಹಾಯಿದೋಣಿಗೂ ಒಂದು ಮೋಟಾರ್ ಬೇಕು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ದೋಣಿ 17 ಅಡಿ ಉದ್ದದ್ದು. ಮನೆಯ ಹಿತ್ತಿಲ ಚಪ್ಪರದಲ್ಲಿ ನಾನೇ ಕಟ್ಟಿದ್ದು. ಐಎಸ್ 710 (ನೀರು ತಡೆಯುವ ಪ್ಲೈವುಡ್ಡಿನ ಭಾರತೀಯ ಮಾನದಂಡ) ಗುರುತಿನ ಮರೈನ್ ಪ್ಲೈವುಡ್ ಹಲಗೆಗಳನ್ನು ಅಂಚಿನಲ್ಲಿ ತಾಮ್ರದ ತಂತಿಯಿಂದ ಹೊಲಿದು, ಎಪಾಕ್ಸಿ ಅಂಟನ್ನೂ ಗಾಜಿನ ನಾರಿನ ಬಟ್ಟೆಯನ್ನೂ ಸೇರಿಸಿ ಬೆಸೆದ ದೋಣಿ. ಒಂದೇ ಹಾಯಿ, ಬಿಚ್ಚಿ ಮಲಗಿಸಬಹುದಾದ ಹಾಯಿಗಂಬ, ಆಳವಿಲ್ಲದ ಕಡೆ ಮೇಲೆತ್ತಿಕೊಳ್ಳುವ ನಡುಹಲಗೆ. ಇಲ್ಲಿನ ನಾಡದೋಣಿಗಳಲ್ಲಿ ಹಿಂತುದಿಗೆ ಹೊರಗಿನಿಂದ ಬಿಗಿಯುವ ಔಟ್‌ಬೋರ್ಡ್ ಎಂಜಿನ್ ಇಲ್ಲದ್ದು ಅಪರೂಪ. ನಾನೂ ಚಿಕ್ಕ ಪೆಟ್ರೋಲ್ ಎಂಜಿನ್ ಒಂದನ್ನು ನೋಡಿಬಂದೆ. ಆದರೆ ನನಗೆ ಎಂಜಿನ್ ಬೇಕಾಗುವುದು ಹೋದಾಗಲೆಲ್ಲ ಸ್ವಲ್ಪ ಹೊತ್ತು ಮಾತ್ರ, ಮತ್ತು ಬೇಕಾದ ಕ್ಷಣದಲ್ಲೇ. ವಾರಗಟ್ಟಲೆ ಸುಮ್ಮನಿದ್ದ ಪೆಟ್ರೋಲ್ ಎಂಜಿನ್ ಮೊದಲ ಎಳೆತಕ್ಕೇ ಹೊತ್ತಿಕೊಳ್ಳುವ ಭರವಸೆ ಇಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುದಾರಿಯಲ್ಲಿ ಹೊಗೆ ಬಿಡುತ್ತಾ, ಕೂತ ಹಕ್ಕಿಗಳನ್ನೆಲ್ಲ ಎಬ್ಬಿಸುತ್ತಾ ಹೋಗುವುದೂ ನನಗೆ ಇಷ್ಟವಿರಲಿಲ್ಲ. 55 ಪೌಂಡ್ ತಳ್ಳುಬಲದ, 12 ವೋಲ್ಟಿನ ಎಲೆಕ್ಟ್ರಿಕ್ ಮೋಟಾರ್ ಒಂದನ್ನು ತೆಗೆದುಕೊಂಡೆ. ದೋಣಿಯ ಹಿಂತುದಿಗೆ ಎರಡು ಸ್ಕ್ರೂ ಬಿಗಿದರೆ ಅದರ ಕೆಲಸ ಮುಗಿಯಿತು. ಉಳಿದ ಕೆಲಸವೆಲ್ಲ ಬ್ಯಾಟರಿಯಿಂದ ಅಲ್ಲಿಯವರೆಗೆ ವಿದ್ಯುತ್ತನ್ನು ಸೋರದಂತೆ, ಸುಡದಂತೆ ಒಯ್ಯುವುದು. ಇಡೀ ಮಳೆಗಾಲ ಅದಕ್ಕೇ ಹೋಯಿತು.

ಮೊದಲು ಲೆಕ್ಕ. ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಉಳಿದವೆಲ್ಲ ಚಿಲ್ಲರೆ. ಎಲ್‌ಇಡಿ ದೀಪಗಳು, ಆಳ ತೋರಿಸುವ ಸೌಂಡರ್, ತಳದ ನೀರು ಹೊರಹಾಕುವ ಪಂಪ್, ಮೊಬೈಲ್ ಚಾರ್ಜಿಂಗ್, ಎಲ್ಲ ಸೇರಿ ದಿನಕ್ಕೆ 15 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್) ಮೀರುವುದಿಲ್ಲ. 100 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಸಾಕು ಎಂದು ತೀರ್ಮಾನವಾಯಿತು.

ಯಾವ ಬ್ಯಾಟರಿ ಎಂಬ ಪ್ರಶ್ನೆಗೆ ತೂಕವೇ ಉತ್ತರ ಹೇಳಿತು. ಅಷ್ಟೇ ಸಾಮರ್ಥ್ಯದ ಲೆಡ್ ಆಸಿಡ್ ಬ್ಯಾಟರಿ 28ರಿಂದ 30 ಕಿಲೋ ತೂಗುತ್ತದೆ. ಅದರ ಆಯುಸ್ಸು ಉಳಿಯಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು, ಬಳಸಿದ ಮೇಲೆ ಕೂಡಲೇ ಪೂರ್ತಿ ತುಂಬಿಸಬೇಕು. ಅರೆಬರೆ ಚಾರ್ಜಿನಲ್ಲಿ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಿ ಬ್ಯಾಟರಿ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಮೂರರಲ್ಲೊಂದು ತೂಕ, ಅದರಲ್ಲಿ ನೂರಕ್ಕೆ 80 ಭಾಗವನ್ನು ಅಂಜಿಕೆಯಿಲ್ಲದೆ ಬಳಸಬಹುದು, ಅರ್ಧ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಮೊಬೈಲಿನಲ್ಲಿರುವ ಲಿಥಿಯಂ ಬ್ಯಾಟರಿಗಿಂತ ಇದು ಶಾಂತ ಸ್ವಭಾವದ್ದು. ಇದರಲ್ಲಿ ಆಮ್ಲಜನಕವು ರಂಜಕದೊಂದಿಗೆ ಬಲವಾಗಿ ಬೆಸೆದುಕೊಂಡಿರುವುದರಿಂದ, ಕಾದರೂ ಸುಲಭಕ್ಕೆ ಬಿಡಿಸಿಕೊಂಡು ಬೆಂಕಿಗೆ ಇಂಬು ಕೊಡುವುದಿಲ್ಲ. ಈ ವಸ್ತುವನ್ನು ಬ್ಯಾಟರಿಗೆ ತಕ್ಕದ್ದೆಂದು ತೋರಿಸಿದ 1997ರ ಪ್ರಬಂಧ ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡೆನಫ್ ಅವರ ಪ್ರಯೋಗಾಲಯದ್ದು. ಅವರಿಗೆ 2019ರಲ್ಲಿ ನೊಬೆಲ್ ಬಂತು. ಪ್ರಬಂಧದ ಮೂವರು ಲೇಖಕರಲ್ಲಿ ಇನ್ನಿಬ್ಬರು ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಆ ಹೆಸರುಗಳನ್ನು ಓದಿ ಆದ ಸಂತೋಷವನ್ನು ಇಲ್ಲಿ ಹೇಳದೆ ಇರಲಾರೆ.

ಸಿದ್ಧ ಬ್ಯಾಟರಿ ಕೊಳ್ಳಬಹುದಿತ್ತು. ಹಲಗೆ ಹಲಗೆ ಕೂಡಿಸಿ ಕಟ್ಟಿದ ದೋಣಿಯೊಳಗೆ ಮುಚ್ಚಿದ ಪೆಟ್ಟಿಗೆಯೊಂದನ್ನು ತಂದಿಡಲು ಮನಸ್ಸಾಗಲಿಲ್ಲ. ಒಳಗೇನಿದೆ ಎಂದು ಗೊತ್ತಿದ್ದರೆ, ಕೆಟ್ಟಾಗ ನೀರಿನ ನಡುವೆ ಕೂತು ಯೋಚಿಸಲಾದರೂ ಬರುತ್ತದೆ. 3.2 ವೋಲ್ಟಿನ ನಾಲ್ಕು ಚೌಕಾಕಾರದ ಸೆಲ್‌ಗಳನ್ನೂ 100 ಆಂಪಿಯರಿನ ಒಂದು ಬಿಎಂಎಸ್ ಫಲಕವನ್ನೂ ತರಿಸಿದೆ. ನಾಲ್ಕು ಸೆಲ್ ಸಾಲಾಗಿ ಸೇರಿದರೆ 12.8 ವೋಲ್ಟ್. ಬಿಎಂಎಸ್ (ಬ್ಯಾಟರಿ ಮ್ಯಾನೇಜ್ಮೆಂಟ್ ಸಿಸ್ಟಮ್) ಎಂದರೆ ಪ್ರತಿ ಸೆಲ್ಲಿನ ಮೇಲೆ ಕಣ್ಣಿಟ್ಟು, ಯಾವುದಾದರೂ ಒಂದು 3.65 ವೋಲ್ಟ್ ದಾಟಿದರೆ ಚಾರ್ಜನ್ನೂ, 2.5ಕ್ಕಿಂತ ಕೆಳಗಿಳಿದರೆ ಬಳಕೆಯನ್ನೂ ಕಡಿದುಹಾಕುವ ಕಾವಲುಗಾರ.

ಸೆಲ್‌ಗಳು ಬಂದಾಗ ನಾಲ್ಕೂ ಒಂದೇ ಮಟ್ಟದಲ್ಲಿ ತುಂಬಿರುವುದಿಲ್ಲ. ಅವನ್ನು ಸಮ ಮಾಡದೆ ಸಾಲಾಗಿ ಜೋಡಿಸಿದರೆ ಮುಂದೆ ಇದ್ದದ್ದು ಬೇಗ ತುಂಬಿ, ಬಿಎಂಎಸ್ ಆಗಲೇ ಚಾರ್ಜ್ ನಿಲ್ಲಿಸುತ್ತದೆ. ಹಿಂದೆ ಬಿದ್ದದ್ದು ಯಾವತ್ತೂ ತುಂಬುವುದಿಲ್ಲ. ಆದ್ದರಿಂದ ಮೊದಲು ಸಾಲಾಗಿ ಜೋಡಿಸಿ, ಒಂದು ಸೆಲ್ ತುಂಬಿ ಬಿಎಂಎಸ್ ಕಡಿಯುವವರೆಗೆ ಚಾರ್ಜ್ ಮಾಡಿದೆ. ಬಳಿಕ ಬಿಚ್ಚಿ, ನಾಲ್ಕರ ಧನಗಳನ್ನು ಒಂದು ಕಡೆ, ಋಣಗಳನ್ನು ಒಂದು ಕಡೆ ಸೇರಿಸಿ, ವೋಲ್ಟೇಜನ್ನು ಮೊದಲೇ 3.65ಕ್ಕೆ ನಿಲ್ಲಿಸಿದ ಪವರ್ ಸಪ್ಲೈಗೆ ಕೊಟ್ಟೆ. ನಾಲ್ಕೂ ಸೇರಿ ಒಂದೇ ದೊಡ್ಡ ಸೆಲ್ಲಾದ್ದರಿಂದ ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಮೀಟರು 3.35ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಅಲುಗದೆ ನಿಂತಿತ್ತು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಎನಿಸಬೇಕು. ಕೊನೆಗೊಮ್ಮೆ 3.40 ಎಂದಿತು, ಆಮೇಲೆ ಕಣ್ಣೆದುರೇ ಅಂಕಿಗಳು ಓಡಿದವು: 3.46, 3.52, 3.60. ಅಷ್ಟು ಹೊತ್ತು ಕೂತವನು ಅಲ್ಲಿ ಎದ್ದು ಹೋಗಬಾರದು. ಈ ಬ್ಯಾಟರಿಯ ವೋಲ್ಟೇಜು ನಡುವೆ ಬಯಲಿನಂತೆ ಚಪ್ಪಟೆ, ಎರಡು ತುದಿಗಳಲ್ಲಿ ಮಾತ್ರ ಕಡಿದಾದ ಇಳಿಜಾರು. ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದ್ದು ಇದರಿಂದಲೇ. ಅದಕ್ಕೆ ಋಣ ತಂತಿಯಲ್ಲಿ ಶಂಟ್ ಎಂಬ, ಹರಿವನ್ನು ಅಳೆಯಲು ನೆರವಾಗುವ ಅತಿ ಸಣ್ಣ ತಡೆಯನ್ನು ಕೂರಿಸಿ, ಒಳಗೆ ಹೋದ ಮತ್ತು ಹೊರಗೆ ಬಂದ ಆಂಪಿಯರ್-ಅವರ್‌ಗಳನ್ನು ಎಣಿಸುವ ಮೀಟರ್ ಹಾಕಬೇಕು. ನನ್ನದು 100 ಆಂಪಿಯರ್ ಹರಿದಾಗ 75 ಮಿಲಿವೋಲ್ಟ್ ತೋರಿಸುವ ಸಾಧಾರಣ ಶಂಟ್.

ಈ ಹಂತದಲ್ಲಿ ಕೈಯ ಉಂಗುರ, ಸ್ಟೀಲ್ ಪಟ್ಟಿಯ ಗಡಿಯಾರ ತೆಗೆದಿಡಲೇಬೇಕು. ಸ್ಪ್ಯಾನರಿನ ಹಿಡಿಗೆ ತುದಿ ಮಾತ್ರ ಬಿಟ್ಟು ಟೇಪ್ ಸುತ್ತಬೇಕು. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯದು, ನಿಜ. ಆದರೆ ಈ ಸೆಲ್‌ಗಳ ಒಳತಡೆ ಎಷ್ಟು ಕಡಿಮೆಯೆಂದರೆ, ಅಡ್ಡ ಬಿದ್ದ ಸ್ಪ್ಯಾನರಿನಲ್ಲಿ ಸಾವಿರಾರು ಆಂಪಿಯರ್ ಹರಿಯುತ್ತದೆ. ಬಿಎಂಎಸ್‌ನ ಐದು ತೆಳು ತಂತಿಗಳ ಕೊಂಡಿಯನ್ನು ಫಲಕಕ್ಕೆ ತೂರಿಸುವ ಮುನ್ನ ಮಲ್ಟಿಮೀಟರಿನಿಂದ ಒಂದೊಂದನ್ನೂ ಅಳೆದೆ: 0, 3.3, 6.6, 9.9, 13.2. ಈ ಏಣಿಯಲ್ಲಿ ಒಂದು ಮೆಟ್ಟಿಲು ಅದಲುಬದಲಾದರೂ ಫಲಕ ಸುಟ್ಟುಹೋಗುತ್ತದೆ.

ಸಾಮರ್ಥ್ಯ ಪರೀಕ್ಷೆಗೆ ಕಾರಿನ ಹೆಡ್‌ಲೈಟ್ ಬಲ್ಬುಗಳನ್ನು ಬಳಸಿದೆ. 60 ವ್ಯಾಟಿನ ನಾಲ್ಕು ಬಲ್ಬು ಸೇರಿದರೆ ಹತ್ತಿರಹತ್ತಿರ 19 ಆಂಪಿಯರ್. ಹಂಚಿನ ತುಂಡುಗಳ ಮೇಲೆ ಬಲ್ಬುಗಳನ್ನಿಟ್ಟು ಸಂಜೆ ಹೊತ್ತಿಸಿದರೆ ಚಪ್ಪರವೆಲ್ಲ ಹಗಲಾಯಿತು. ಮಳೆಹುಳುಗಳು ಮುತ್ತಿದವು. ಐದು ಗಂಟೆ ಕಳೆದರೂ ಬೆಳಕು ಒಂದಿಷ್ಟೂ ಕುಂದಲಿಲ್ಲ. ಆಮೇಲೆ ಸಣ್ಣಗೆ ಕೆಂಪಾದಂತೆ ಕಂಡು, ಮರುಗಳಿಗೆಯಲ್ಲಿ ಬಿಎಂಎಸ್ ಕಡಿದು ಕತ್ತಲಾಯಿತು. ಮೀಟರು 103 ಆಂಪಿಯರ್-ಅವರ್ ತೋರಿಸುತ್ತಿತ್ತು. ಮಾರಿದವರು ಹೇಳಿದ್ದು ಸುಳ್ಳಾಗಿರಲಿಲ್ಲ. ಇನ್ನೊಂದು ವಿಷಯವೂ ಖಚಿತವಾಯಿತು. ಈ ಬ್ಯಾಟರಿ ಮುಗಿಯುವಾಗ ಮುನ್ಸೂಚನೆ ಕೊಡುವುದಿಲ್ಲ. ಅಳಿವೆಯಲ್ಲಿ ಹೀಗಾಗಬಾರದೆಂದು, ಮೀಟರಿನಲ್ಲಿ 25 ಉಳಿದಾಗ ಬಡಿದುಕೊಳ್ಳುವ ಬಜರನ್ನು ಸೇರಿಸಿದೆ.

ಸೆಲ್ಲಿನ ಹೊರಕವಚ ಅಲ್ಯುಮಿನಿಯಂ, ಅದರ ಮೇಲಿರುವ ನೀಲಿ ಹೊದಿಕೆ ಬರೀ ತೆಳ್ಳನೆಯ ಪ್ಲಾಸ್ಟಿಕ್. ದೋಣಿಯ ಅಲುಗಾಟದಲ್ಲಿ ಒಂದಕ್ಕೊಂದು ಉಜ್ಜಿ ಆ ಹೊದಿಕೆ ಸವೆದರೆ ಕಥೆ ಮುಗಿಯಿತು. ಸೆಲ್‌ಗಳ ನಡುವೆ ಗಾಜಿನ ನಾರಿನ ಎಪಾಕ್ಸಿ ಹಾಳೆಗಳನ್ನು ಇಟ್ಟೆ, ಎರಡು ತುದಿಗೆ 12 ಮಿ.ಮೀ. ಪ್ಲೈವುಡ್ ಕೊಟ್ಟು ಉದ್ದ ಬೋಲ್ಟುಗಳಿಂದ ಹದವಾಗಿ ಬಿಗಿದೆ. ಇದೆಲ್ಲ ರಬ್ಬರ್ ಅಂಚಿನ ಮುಚ್ಚಳವಿರುವ ಪೆಟ್ಟಿಗೆಯೊಳಗೆ, ಪೆಟ್ಟಿಗೆ ನಡುಹಲಗೆಯ ಗೂಡಿನ ಹಿಂದೆ, ಕೂರುವ ಅಡ್ಡಹಲಗೆಯ ಕೆಳಗೆ. ಭಾರ ದೋಣಿಯ ನಡುವಿಗೆ ಬಂತು, ತಳದಲ್ಲಿ ನಿಲ್ಲುವ ನೀರಿನಿಂದ ಒಂದು ಗೇಣು ಮೇಲಾಯಿತು. ದೋಣಿ ಮಗುಚಿದರೂ ಜಾರದಂತೆ ಎರಡು ಪಟ್ಟಿಗಳನ್ನು ತಳದ ಮರಕ್ಕೆ ಬಿಗಿದಿದ್ದೇನೆ.

ನಮ್ಮ ನೆರೆಯ ಹಿರಿಯರೊಬ್ಬರು ನಾಡದೋಣಿಯಲ್ಲಿ ಬದುಕು ಸವೆಸಿದವರು. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರಿಗೆ ನಾನು ಮಾಷ್ಟ್ರು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅವರ ಮಗನ ಬೋಟೂ ದಡದಲ್ಲಿತ್ತು. ಹೊತ್ತು ಹೋಗದಾಗ ಬಂದು ಚಪ್ಪರದಲ್ಲಿ ಕೂರುತ್ತಿದ್ದರು. ಬ್ಯಾಟರಿಯ ಬಗ್ಗೆ ನಾನು ವಿವರಿಸಿದ್ದನ್ನೆಲ್ಲ ಕೇಳಿದ ಮೇಲೆ ಒಂದು ಮಾತು ಹೇಳಿದರು. “ಮಾಷ್ಟ್ರೇ, ನಮಗೆ ಬ್ಯಾಟರಿ ಕೈಕೊಟ್ಟದ್ದು ಕಡಿಮೆ. ಕೈಕೊಡುವುದು ಯಾವಾಗಲೂ ವೈರು. ಮೇಲೆ ನೋಡಿದರೆ ಏನೂ ಆಗಿರುವುದಿಲ್ಲ, ಒಳಗೆ ಬೂದಿ.” ಮರುದಿನ ಬೋಟಿನಿಂದ ತೆಗೆದ ಒಂದು ಗೇಣು ವೈರನ್ನು ತಂದು ಕೈಗಿತ್ತರು. ಹೊರಗಿನ ಕೆಂಪು ಪ್ಲಾಸ್ಟಿಕ್ ಹೊಸದರಂತೆಯೇ ಇತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ತುದಿಯಲ್ಲಿ ಹಸಿರು ಪುಡಿ, ಅಲ್ಲಿಂದ ಮುಂದಕ್ಕೆ ಎಳೆಗಳೆಲ್ಲ ಕಪ್ಪು. ಬೆರಳಲ್ಲಿ ಬಗ್ಗಿಸಿದರೆ ಎಳೆಗಳು ಪುಟಪುಟನೆ ಮುರಿದವು. ಉಪ್ಪುನೀರು ತುದಿಯಿಂದ ಒಳಹೊಕ್ಕು ಎಳೆಗಳ ಸಂದಿಯಲ್ಲಿ ಬತ್ತಿಯಲ್ಲಿ ಏರುವ ಹಾಗೆ ಏರಿತ್ತು. ಆ ತುಂಡನ್ನು ಕೆಲಸ ಮುಗಿಯುವವರೆಗೂ ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ನೀರು ಸಿಡಿಯಬೇಕೆಂದೇ ಇಲ್ಲ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ತೇವ ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಶಿಯಂ ಕ್ಲೋರೈಡ್ ಅದಕ್ಕಿಂತ ಎಷ್ಟೋ ಕಡಿಮೆ ತೇವಕ್ಕೇ ಕರಗುತ್ತದೆ. ನಮ್ಮ ಕರಾವಳಿಯಲ್ಲಿ ರಾತ್ರಿಯ ತೇವ ಆ ಮಟ್ಟ ಮುಟ್ಟದ ದಿನಗಳು ಕಡಿಮೆ. ಒಮ್ಮೆ ಉಪ್ಪು ಕೂತ ಜೋಡಣೆ ಬೇಸಿಗೆಯಲ್ಲೂ ಪ್ರತಿ ರಾತ್ರಿ ಒದ್ದೆಯಾಗುತ್ತಲೇ ಇರುತ್ತದೆ. ಹಾಗಾಗಿ ದೋಣಿಗೆ ತವರದ ಲೇಪವಿರುವ ತಾಮ್ರದ ವೈರೇ ಬೇಕು. ದೋಣಿಗೆಂದೇ ಮಾಡಿದ ವೈರು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಆದರೆ ಮನೆಯ ಮಾಡಿಗೆ ಸೋಲಾರ್ ಹಾಕುವವರು ಬಳಸುವ ಡಿಸಿ ಕೇಬಲ್ ಇದೆಯಲ್ಲ, ಅದರೊಳಗಿರುವುದು ತವರ ಬಳಿದ ತಾಮ್ರದ ಸಣ್ಣ ಎಳೆಗಳೇ. ಹೊದಿಕೆ ಬಿಸಿಲು ತಡೆಯುವಂಥದ್ದು, ಬಳುಕುತ್ತದೆ, 4 ಮತ್ತು 6 ಚದರ ಮಿ.ಮೀ. ಗಾತ್ರಗಳಲ್ಲಿ ಪ್ರತಿ ಪೇಟೆಯಲ್ಲೂ ಸಿಗುತ್ತದೆ. ದೀಪ, ಪಂಪು, ಸೌಂಡರ್‌ಗಳಿಗೆಲ್ಲ ಅದನ್ನೇ ಎಳೆದೆ. ನಮ್ಮ ಕಡೆ ಸ್ವಂತ ದೋಣಿಗೆ ವೈರಿಂಗ್ ಮಾಡುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕೆಂದು ನನ್ನ ಆಸೆ.

ಮೋಟಾರಿನ ವೈರಿಗೆ ಗಾತ್ರದ ಲೆಕ್ಕ ಬೇರೆ. ಬ್ಯಾಟರಿಯಿಂದ ಮೋಟಾರಿಗೆ ಸುತ್ತುದಾರಿ 4 ಮೀಟರ್, ಹೋಗಿಬರುವುದು ಸೇರಿ 8. ಮನೆಯ ವೈರಿಂಗ್‌ನಲ್ಲಿ 6 ಚದರ ಮಿ.ಮೀ. ದಪ್ಪದ ವೈರೆನಿಸಿಕೊಳ್ಳುತ್ತದೆ. ಅದರಲ್ಲಿ 50 ಆಂಪಿಯರ್ ಹರಿಸಿದರೆ ದಾರಿಯಲ್ಲೇ 1.15 ವೋಲ್ಟ್ ಕಳೆದುಹೋಗುತ್ತದೆ. 230 ವೋಲ್ಟಿನಲ್ಲಿ ಅಷ್ಟು ಹೋದರೆ ಯಾರಿಗೂ ತಿಳಿಯದು. 12.8ರಲ್ಲಿ ಅದು ನೂರಕ್ಕೆ 9, ಮತ್ತು ಸುಮಾರು 57 ವ್ಯಾಟ್ ಶಾಖ ಪ್ಲೈವುಡ್ಡಿಗೆ ಅಂಟಿಕೊಂಡ ವೈರಿನಲ್ಲಿ. 16 ಚದರ ಮಿ.ಮೀ. ಆದರೆ ನಷ್ಟ 0.43 ವೋಲ್ಟ್, 25 ಆದರೆ 0.28ಕ್ಕಿಂತ ಕಡಿಮೆ. ತವರ ಬಳಿದ 25ರದ್ದನ್ನು ಮುಂಬಯಿಯಿಂದ ತರಿಸಿದೆ. ವೆಲ್ಡಿಂಗ್ ಕೇಬಲ್ ಅಗ್ಗ, ಬಳುಕುವುದೂ ಹೆಚ್ಚು. ಆದರೆ ಅದು ಬರೀ ತಾಮ್ರ, ಅಣ್ಣ ತಂದುಕೊಟ್ಟ ತುಂಡು ಕಣ್ಣೆದುರೇ ಇತ್ತು. ವೈರು, ಲಗ್ (ವೈರಿನ ತುದಿಗೆ ಹಾಕುವ ಲೋಹದ ಕಿವಿ), ಫ್ಯೂಸ್, ಸ್ವಿಚ್ಚುಗಳಿಗೆ ಒಟ್ಟು ತಗುಲಿದ್ದು ಸೆಲ್‌ಗಳಿಗೆ ಕೊಟ್ಟಷ್ಟೇ ದುಡ್ಡು. ಉಳಿಸಲು ಹೊರಡುವವರು ಕೈ ಹಾಕುವುದೂ ಇಲ್ಲೇ, ಕೈ ಹಾಕಬಾರದ್ದೂ ಇಲ್ಲೇ.

ವೈರಿನ ತುದಿಗೆ ಲಗ್ ಹಾಕುವ ಕೆಲಸವನ್ನು ಸೀಸದ ಬೆಸುಗೆಯಿಂದ ಮಾಡಬಾರದು. ಬೆಸುಗೆ ಎಳೆಗಳೊಳಗೆ ಏರಿ ವೈರನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ, ಆ ಬಿರುಸು ಮುಗಿಯುವ ಜಾಗದಲ್ಲೇ ಅಲುಗಾಟಕ್ಕೆ ಎಳೆಗಳು ತುಂಡಾಗುತ್ತವೆ. ಲಗ್ಗನ್ನು ಹೈಡ್ರಾಲಿಕ್ ಉಪಕರಣದಲ್ಲಿ ಒತ್ತಿ ಬಿಗಿಯಬೇಕು. ಉಪಕರಣದ ಆರುಮೂಲೆಯ ಅಚ್ಚುಗಳ ಮೇಲೆ ಬರೆದ ಗಾತ್ರವನ್ನು ಹಾಗೆಯೇ ನಂಬಲು ಮನಸ್ಸಾಗದೆ, ಒಂದು ಲಗ್ಗನ್ನು ಪರೀಕ್ಷೆಗೆಂದೇ ಒತ್ತಿ, ಒತ್ತಿದ ಜಾಗದಲ್ಲಿ ಗರಗಸದಿಂದ ಅಡ್ಡ ಕೊಯ್ದೆ. ಕೊಯ್ದ ಮುಖವನ್ನು ನೀರು ಹಾಕಿ ಮರಳುಕಾಗದದ ಮೇಲೆ ಉಜ್ಜಿ ಭೂತಗನ್ನಡಿಯಲ್ಲಿ ನೋಡಿದರೆ ಎಳೆ ಯಾವುದು, ಲಗ್ ಯಾವುದು ಎಂದು ಬೇರೆ ಮಾಡಲಾಗದಂತೆ ಒಂದೇ ತಾಮ್ರದ ಬಿಲ್ಲೆ. ನಡುವೆ ಎಲ್ಲೂ ಕಪ್ಪು ಚುಕ್ಕೆಯಿಲ್ಲ. ಗಾಳಿಗೇ ಜಾಗವಿಲ್ಲದ ಕಡೆ ಉಪ್ಪುನೀರು ಹೋಗಲಾರದು. ಆ ಬಿಲ್ಲೆ ನೋಡಿದ ಮೇಲೆ ಉಳಿದ ಲಗ್‌ಗಳನ್ನು ನಿಶ್ಚಿಂತೆಯಿಂದ ಒತ್ತಿದೆ. ಪ್ರತಿಯೊಂದರ ಮೇಲೂ ಒಳಗೆ ಅಂಟು ಇರುವ ಕುಗ್ಗುಕೊಳವೆ ಹಾಕಿ ಬಿಸಿ ಮಾಡಿದೆ. ಅಂಚಿನಲ್ಲಿ ಅಂಟು ಸಣ್ಣ ಉಂಗುರವಾಗಿ ಉಕ್ಕಿ ಬಂದರೆ ಒಳಗೆ ಮುಚ್ಚಿಕೊಂಡಿತೆಂದು ಅರ್ಥ.

ಫ್ಯೂಸ್ ಎಲ್ಲಿರಬೇಕು ಎಂಬುದಕ್ಕೆ ದೋಣಿಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಎಬಿವೈಸಿಯ ನಿಯಮ ಸ್ಪಷ್ಟವಾಗಿದೆ: ಬ್ಯಾಟರಿಯ ಟರ್ಮಿನಲ್‌ನಿಂದ 7 ಇಂಚಿನೊಳಗೆ. ಫ್ಯೂಸ್ ಕಾಪಾಡುವುದು ವೈರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ಉದ್ದಕ್ಕೆ ರಕ್ಷಣೆಯೇ ಇಲ್ಲವಾದ್ದರಿಂದ ಆ ಉದ್ದ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ನಾನು ಟರ್ಮಿನಲ್ ಮೇಲೆಯೇ ಕೂರುವ ಫ್ಯೂಸ್ ಹಾಕಿದೆ. 10,000 ಆಂಪಿಯರಿನ ಶಾರ್ಟ್ ಸರ್ಕ್ಯೂಟನ್ನೂ ಕಡಿಯಬಲ್ಲ ಜಾತಿಯದು. ಕಾರಿನ ಸ್ಟೀರಿಯೊ ಅಂಗಡಿಯಲ್ಲಿ ಸಿಗುವ ಗಾಜಿನ ಫ್ಯೂಸಿಗೆ ಆ ಶಕ್ತಿಯಿಲ್ಲ. ಮೋಟಾರಿಗೆ ಬೇರೆಯಾಗಿ 60 ಆಂಪಿಯರಿನ ಡಿಸಿ ಬ್ರೇಕರ್. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮನೆಗೆ ಹಾಕುವ ಎಂಸಿಬಿಯನ್ನೇ ಕೊಡಲು ಬಂದರು, ಬೇಡವೆಂದೆ. ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ಆರಿಹೋಗುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲದ್ದರಿಂದ ಕಿಡಿ ಹಾಗೆಯೇ ಉರಿಯುತ್ತಾ ನಿಲ್ಲಬಹುದು.

ಮಳೆ ಬಿಟ್ಟ ಮೇಲೆ, ದೋಣಿಯನ್ನು ಹಂಗಾರಕಟ್ಟೆಯ ಕಡೆಯ ಒಂದು ದಕ್ಕೆಗೆ ಕಟ್ಟಿ, ಮೋಟಾರನ್ನು 40 ಆಂಪಿಯರಿಗೆ ತಿರುಗಿಸಿ ಬಿಟ್ಟೆ. ದೋಣಿ ಹಗ್ಗವನ್ನು ಜಗ್ಗುತ್ತಿದ್ದರೆ ನಾನು ಮಲ್ಟಿಮೀಟರಿನ ಎರಡು ಮೊನೆಗಳನ್ನು ಒಂದೊಂದೇ ಜೋಡಣೆಯ ಎರಡು ಬದಿಗೆ ಒತ್ತುತ್ತಾ ಹೋದೆ. ಹರಿಯುವಾಗ ಜೋಡಣೆಯಲ್ಲಿ ಎಷ್ಟು ವೋಲ್ಟೇಜ್ ಬೀಳುತ್ತದೆ ಎಂಬುದೇ ಅದರ ಆರೋಗ್ಯ. 2 ಮಿಲಿವೋಲ್ಟ್, 3, 2, 4. ಮುಖ್ಯ ಸ್ವಿಚ್ಚಿನ ಒಂದು ಬೋಲ್ಟಿನಲ್ಲಿ ಮಾತ್ರ 90. ಅಂದರೆ ಆ ಒಂದು ಚುಕ್ಕೆಯಲ್ಲಿ ಮೂರೂವರೆ ವ್ಯಾಟಿಗೂ ಹೆಚ್ಚು ಶಾಖ. ಬೆರಳಿಟ್ಟರೆ ಬಿಸಿ ತಿಳಿಯುತ್ತಿತ್ತು. ಬಿಚ್ಚಿ ನೋಡಿದರೆ ಸ್ವಿಚ್ಚಿನ ಜೊತೆಗೇ ಬಂದಿದ್ದ ಸ್ಟೀಲ್ ವಾಷರು ಕೆಳಗಿನ ತಾಮ್ರದ ಪಟ್ಟಿಗೂ ಲಗ್ಗಿಗೂ ನಡುವೆ ಕೂತಿತ್ತು. ವಿದ್ಯುತ್ತು ತಾಮ್ರದಿಂದ ಸ್ಟೀಲಿಗೆ ಇಳಿದು ಮತ್ತೆ ತಾಮ್ರಕ್ಕೆ ಏರಬೇಕಿತ್ತು. ವಾಷರನ್ನು ನಟ್ಟಿನ ಕೆಳಗೆ ಹಾಕಿ, ಲಗ್ಗನ್ನು ನೇರ ಪಟ್ಟಿಯ ಮೇಲೆ ಕೂರಿಸಿ ಬಿಗಿದ ಮೇಲೆ 3 ಮಿಲಿವೋಲ್ಟಿಗೆ ಇಳಿಯಿತು. ಕಣ್ಣಿಗೆ ಎರಡೂ ಜೋಡಣೆಗಳು ಒಂದೇ ತರಹ ಕಾಣುತ್ತವೆ. ಹೊಸ ವೈರಿಂಗ್ ಮಾಡಿಸಿದವರು ಯಾರೇ ಇರಲಿ, ಈ ಪರೀಕ್ಷೆಯನ್ನು ತಪ್ಪದೆ ಮಾಡಲಿ. ಐನೂರು ರೂಪಾಯಿಯ ಮೀಟರು ಸಾಕು.

ಚಾರ್ಜಿಂಗ್ ವಿಚಾರ ಸರಳ. ಮುಂಭಾಗದ ಪುಟ್ಟ ಗೂಡಿನ ಮಾಡಿನ ಮೇಲೆ 100 ವ್ಯಾಟಿನ ಸೋಲಾರ್ ಪ್ಯಾನೆಲ್, ಕೆಳಗೆ ಅದರಿಂದ ಆದಷ್ಟು ಹೆಚ್ಚು ಶಕ್ತಿ ಎಳೆದು ಬ್ಯಾಟರಿಗೆ ಹದವಾಗಿ ಕೊಡುವ ಎಂಪಿಪಿಟಿ ಕಂಟ್ರೋಲರ್, 14.2 ವೋಲ್ಟಿಗೆ ನಿಲ್ಲುವಂತೆ ಹೊಂದಿಸಿದ್ದು. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಜೋಡಿಸಬೇಕು. ಬಿಚ್ಚುವಾಗ ಪ್ಯಾನೆಲ್ ಮೊದಲು. ಹಾಯಿದೋಣಿಯಲ್ಲಿ ಪ್ಯಾನೆಲ್ಲಿನ ಶತ್ರು ನೆರಳು. ಪ್ಯಾನೆಲ್ಲಿನ ಬಿಲ್ಲೆಗಳು ಸಾಲಾಗಿ ಕೂಡಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಅದರ ಸಾಲೆಲ್ಲ ಸೊರಗುತ್ತದೆ. ಹಾಯಿಗಂಬದ ನೆರಳು ಅಡ್ಡ ಹಾಯ್ದರೆ 5 ಆಂಪಿಯರ್ ಇದ್ದದ್ದು ಒಂದೂವರೆಗೆ ಇಳಿಯುವುದನ್ನು ಮೀಟರಿನಲ್ಲೇ ನೋಡಬಹುದು. ಸವಾರಿಯಲ್ಲಿ ಅದಕ್ಕೆ ಮಾಡುವುದೇನೂ ಇಲ್ಲ. ಲಂಗರು ಹಾಕಿದಾಗ ಹಾಯಿಯ ಅಡ್ಡಗಳುವನ್ನು ಪಕ್ಕಕ್ಕೆ ಸರಿಸಿ ಕಟ್ಟುತ್ತೇನೆ. ಡಿಸೆಂಬರಿನ ಒಳ್ಳೆಯ ಬಿಸಿಲಿಗೆ ದಿನಕ್ಕೆ 25ರಿಂದ 30 ಆಂಪಿಯರ್-ಅವರ್ ಬರುತ್ತದೆ.

ದೀಪಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಸಂಜೆಯ ಹೊತ್ತು ಅಳಿವೆಯಲ್ಲಿ ದೀಪವಿಲ್ಲದೆ ಬರುವ ದೋಣಿಗಳನ್ನು ಕಂಡು ನನಗೆ ನಿಜವಾಗಿಯೂ ಭಯವಾಗುತ್ತದೆ. ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 7 ಮೀಟರಿಗಿಂತ ಚಿಕ್ಕ ಹಾಯಿದೋಣಿ ಸಾಧ್ಯವಿದ್ದರೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ತೋರಿಸಬೇಕು. ಆಗದಿದ್ದರೆ ತೋರಿಸಲು ಟಾರ್ಚನ್ನಾದರೂ ಕೈಯಲ್ಲಿಟ್ಟುಕೊಂಡಿರಬೇಕು. ಮೋಟಾರ್ ಹಾಕಿದ ಕ್ಷಣದಿಂದ, ಹಾಯಿ ಮೇಲಿದ್ದರೂ, ಅದು ಯಂತ್ರದೋಣಿಯೇ. ಮೋಟಾರು ಸದ್ದು ಮಾಡುವುದಿಲ್ಲ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಆಗ ಸುತ್ತಲೂ ಕಾಣುವ ಬಿಳಿ ದೀಪ ಬೇಕು. ಸದ್ದಿಲ್ಲದ ದೋಣಿಗೆ ದೀಪ ಇನ್ನೂ ಹೆಚ್ಚು ಬೇಕು ಎಂದು ನನ್ನ ಅಭಿಪ್ರಾಯ. ಎಲ್ಲ ದೀಪಗಳೂ ಸೇರಿ 10 ವ್ಯಾಟ್ ಆಗುವುದಿಲ್ಲ. ಇಡೀ ರಾತ್ರಿ ಉರಿದರೂ ಬ್ಯಾಟರಿಯ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ.

ನೀರಿನ ಮೇಲೆ ಮೀಟರು ಕಲಿಸಿದ್ದು ವೇಗದ ಬೆಲೆಯನ್ನು. 16 ಆಂಪಿಯರಿನಲ್ಲಿ ದೋಣಿ ಗಂಟೆಗೆ 4 ಕಿಲೋಮೀಟರ್ ಹೋಗುತ್ತದೆ. ಪೂರ್ತಿ ತಿರುಗಿಸಿ 48 ಆಂಪಿಯರ್ ಸುರಿದರೂ 6 ದಾಟುವುದಿಲ್ಲ. ವೇಗ ಒಂದೂವರೆ ಪಟ್ಟು, ಖರ್ಚು ಮೂರು ಪಟ್ಟು. 80 ಆಂಪಿಯರ್-ಅವರ್ ಬಳಸಬಹುದೆಂದು ಹಿಡಿದರೆ ನಿಧಾನಕ್ಕೆ ಹೋದವನಿಗೆ 20 ಕಿಲೋಮೀಟರ್, ಅವಸರದವನಿಗೆ 10. ಪೂರ್ತಿ ವೇಗವನ್ನು ಇಳಿತಕ್ಕೆ ಎದುರಾಗಿ ಬರಬೇಕಾದಾಗ ಮಾತ್ರ ಬಳಸುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಗಳ ಇಳಿತದಲ್ಲಿ ಅಳಿವೆಯ ಕಾಲುವೆಯ ಸೆಳೆತ ಜೋರಾಗಿರುತ್ತದೆ. ಆಗ ನಡುನೀರು ಬಿಟ್ಟು ದಡದ ಪಕ್ಕದ ಆಳವಿಲ್ಲದ ನೀರಿನಲ್ಲಿ, ನಡುಹಲಗೆ ಮೇಲೆತ್ತಿ, ಸೌಂಡರಿನ ಮೇಲೆ ಕಣ್ಣಿಟ್ಟು ಬರುವುದು ಲೇಸು. ಅಲ್ಲಿ ಸೆಳೆತ ಅರ್ಧಕ್ಕರ್ಧ ಕಡಿಮೆ. ಇದನ್ನು ಹೇಳಿಕೊಟ್ಟವರೂ ಅಣ್ಣನೇ. ಹುಟ್ಟಿನ ಕಾಲದಲ್ಲಿ ಅವರೆಲ್ಲ ಹಾಗೆಯೇ ಬರುತ್ತಿದ್ದರಂತೆ.

ಮೇ ಕೊನೆಗೆ ದೋಣಿಯನ್ನು ಮೇಲೆಳೆದು ಚಪ್ಪರಕ್ಕೆ ಸೇರಿಸಿದೆ. ಬ್ಯಾಟರಿಯನ್ನು ಅರ್ಧ ಚಾರ್ಜಿಗೆ ಇಳಿಸಿ, ಎಲ್ಲ ತಂತಿ ಬಿಡಿಸಿ, ಮನೆಯೊಳಗೆ ತಂಪಾದ ಕಪಾಟಿನಲ್ಲಿಟ್ಟಿದ್ದೇನೆ. ಜೋಡಣೆಗಳನ್ನೆಲ್ಲ ಮತ್ತೆ ಅಳೆದು ನೋಡಿದಾಗ ಒಂದೇ ಒಂದು ಕೆಟ್ಟಿತ್ತು: ಮೊಬೈಲ್ ಚಾರ್ಜಿಂಗ್‌ನ ಯುಎಸ್‌ಬಿ ಸಾಕೆಟ್, ರಬ್ಬರ್ ಮುಚ್ಚಳವಿದ್ದೂ ಒಳಗೆ ಹಸಿರುಗಟ್ಟಿದೆ. ಅದನ್ನು ಬ್ಯಾಟರಿಯ ಪೆಟ್ಟಿಗೆಯೊಳಗೇ ಇಟ್ಟು, ಮೊಬೈಲಿಗೂ ಅಲ್ಲೇ ಜಾಗ ಮಾಡಬೇಕೆಂದಿದ್ದೇನೆ. ಅದಕ್ಕೂ ಮೊದಲು ಬೇರೊಂದು ಕೆಲಸವಿದೆ. ಅಣ್ಣನ ಮಗ ನೂರು ಮೀಟರ್ ಸೋಲಾರ್ ಕೇಬಲ್ಲಿನ ಸುರುಳಿಯೊಂದನ್ನು ತಂದಿಟ್ಟು ಹೋಗಿದ್ದಾನೆ. ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟು ಇಳಿಯುವಷ್ಟರಲ್ಲಿ ಅವನ ದೀಪದ ವೈರಿಂಗ್ ಎಲ್ಲ ಬದಲಾಗಬೇಕು. ಲಗ್ ಒತ್ತುವುದನ್ನು ಅವನೇ ಕಲಿತು ಮಾಡುತ್ತಾನಂತೆ. ಭಾನುವಾರ ಶುರು ಮಾಡುತ್ತೇವೆ.